ಪುಸ್ತಕ ನಿಮ್ಮದು, ಐಎಸ್‌ಬಿಎನ್ ಯಾರ ಹೆಸರಿನಲ್ಲಿದೆ?

ಮೈಸೂರು, ಮಂಡ್ಯದ ಕಡೆ ಸ್ವಂತ ದುಡ್ಡು ಹಾಕಿ ಪುಸ್ತಕ ತರುವವರಲ್ಲಿ ನಿವೃತ್ತ ಮೇಷ್ಟ್ರುಗಳೂ ಮೊದಲ ಕವನಸಂಕಲನದ ಕನಸಿನಲ್ಲಿರುವ ಹುಡುಗ ಹುಡುಗಿಯರೂ ಬಹಳ. ಇವರ ವಾಟ್ಸ್‌ಆ್ಯಪ್‌ಗೇ ‘ಪಬ್ಲಿಷಿಂಗ್ ಪ್ಯಾಕೇಜ್’ಗಳು, ಅಂದರೆ ಪುಸ್ತಕ ಮಾಡಿಕೊಡುವ ಕೆಲಸಗಳ ದರಪಟ್ಟಿಗಳು, ಬಂದು ಬೀಳುವುದು. ಅಂಥ ಪಟ್ಟಿ ಕೈಗೆ ಬಂದರೆ ಮೊದಲು ಐಎಸ್‌ಬಿಎನ್‌ಗೆ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ನಂಬರ್) ಎಷ್ಟು ಹಾಕಿದ್ದಾರೆ ನೋಡಿ. ನಮ್ಮ ದೇಶದಲ್ಲಿ ಅದಕ್ಕೆ ಶುಲ್ಕವೇ ಇಲ್ಲ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ನಂಬರ್ ಬರಲು ಕೆಲವು ದಿನ ಹಿಡಿಯುತ್ತದೆ, ಹಾಗಾಗಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ) ನಡೆಯುತ್ತಿರುವಾಗಲೇ ಹಾಕಿಬಿಡಿ. ಪ್ಯಾಕೇಜಿನವರು ತಮ್ಮ ಖಾತೆಯಿಂದ ನಂಬರ್ ಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರು ಅವರೇ. ನಾಳೆ ಅವರನ್ನು ಬಿಟ್ಟು ನೀವೇ ಅಚ್ಚು ಹಾಕಿಸಿದರೆ ಹೊಸ ನಂಬರ್ ಬೇಕು.

‘ಕಾಪಿರೈಟ್ ಮಾಡಿಸಿಕೊಡುತ್ತೇವೆ’ ಎಂಬ ಸಾಲೂ ಅಲ್ಲಿರುತ್ತದೆ. 1957ರ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ; ಮಾಡಿಸಿದರೂ ಸರ್ಕಾರಿ ಶುಲ್ಕ ಒಂದು ಕೃತಿಗೆ 500 ರೂಪಾಯಿ. ಕರಾರು ಪತ್ರದಲ್ಲಿ ‘ಎಲ್ಲ ರೂಪಗಳ, ಎಲ್ಲ ಭಾಷೆಗಳ ಹಕ್ಕು’ ಎಂದಿದ್ದರೆ ಅನುವಾದ, ಆಡಿಯೊ, ಸಿನಿಮಾ ಎಲ್ಲವನ್ನೂ ಬರೆದುಕೊಟ್ಟಂತೆ. ಆ ಸಾಲು ಹೊಡೆದುಹಾಕಿಸದೆ ಸಹಿ ಮಾಡಬೇಡಿ.

ಡಿಟಿಪಿಗೆ ದುಡ್ಡು ಕೊಟ್ಟ ಮೇಲೆ ಪಿಡಿಎಫ್ ಒಂದೇ ಸಾಲದು, ತಿದ್ದಬಹುದಾದ ಮೂಲ ಫೈಲನ್ನೂ ಕೇಳಿ ತೆಗೆದುಕೊಳ್ಳಿ. ಅದು ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿದೆಯೇ ಎಂದು ನೋಡುವುದು ಸುಲಭ: ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ. ಕನ್ನಡ ಬಂದರೆ ಸರಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟು, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಇ-ಬುಕ್‌ಗೆ ಅದು ಹಾಗೇ ಒದಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಪರಿವರ್ತನೆ ಆದ ಮೇಲೆ ಇನ್ನೊಂದು ಸಲ ಕರಡು ತಿದ್ದಲೇಬೇಕು.

ಪ್ರೆಸ್ಸಿನವರ ಹತ್ತಿರ ‘ಒಟ್ಟು ಎಷ್ಟಾಗುತ್ತೆ’ ಎಂದಷ್ಟೇ ಕೇಳಿದರೆ ಯಾವ ಕಾಗದ ಬೇಕಾದರೂ ಬರಬಹುದು. 1/8 ಡೆಮಿ ಅಳತೆ, ಒಳಪುಟಕ್ಕೆ 70 ಜಿಎಸ್‌ಎಂ (ಕಾಗದದ ದಪ್ಪ ಹೇಳುವ ತೂಕ) ಮ್ಯಾಪ್‌ಲಿಥೋ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡ್ ಮುಖಪುಟ ಎಂದು ಬರೆಸಿಕೊಳ್ಳಿ. ಪುಟಗಳು 16ರ ಫಾರಂ (ಒಂದು ಹಾಳೆ ಮಡಿಸಿದರೆ ಆಗುವ 16 ಪುಟಗಳ ಗುಂಪು) ಲೆಕ್ಕಕ್ಕೆ ಕೂರಲಿ. 128 ಪುಟ ಎಂದರೆ ಎಂಟು ಫಾರಂ. 130 ಆದರೆ ಎರಡು ಪುಟಕ್ಕಾಗಿ ದಂಡ ತೆರುತ್ತೀರಿ. ಬಾಕಿ ಹಣ ಕೊಡುವ ಮುಂಚೆ ಕಟ್ಟಿನಿಂದ ನಾಲ್ಕೈದು ಪ್ರತಿ ಎಳೆದು ನಡುವೆ ಪೂರ್ತಿ ಬಿಡಿಸಿ ನೋಡಿ. ಅಂಟು ಬಿಟ್ಟು ಹಾಳೆ ಕೈಗೆ ಬಂದರೆ, ಒಂದು ಫಾರಂ ಎರಡು ಸಲ ಸೇರಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬೆಲೆಯ ಲೆಕ್ಕದಲ್ಲಿ ಹೆಚ್ಚಿನವರು ಸೋಲುತ್ತಾರೆ. 150 ರೂಪಾಯಿ ಪುಸ್ತಕಕ್ಕೆ ಅಂಗಡಿಗೆ 40 ಪರ್ಸೆಂಟ್ ಬಿಟ್ಟರೆ ಉಳಿಯುವುದು 90. ಅಚ್ಚಿಗೆ 70 ಬಿದ್ದಿದ್ದರೆ ಕೈಗೆ 20. ಗೌರವ ಪ್ರತಿ, ಅಂಚೆ ಖರ್ಚು ಅದರಲ್ಲೇ ಹೋಗಬೇಕು. ‘ನೂರಕ್ಕೆ ನೂರು ರಾಯಲ್ಟಿ’ ಎನ್ನುವವರೂ ಈ ಕಡಿತವೆಲ್ಲ ಕಳೆದ ಮೇಲೆ ಉಳಿದದ್ದರಲ್ಲಿ ನೂರು ಎನ್ನುತ್ತಿರುತ್ತಾರೆ. ಬರವಣಿಗೆಯಲ್ಲಿ ಕೇಳಿ.

ಇನ್ನು ನೇರ ಮೋಸಗಳು. ನಿಮ್ಮ ಕಥೆ ಸಿನಿಮಾಕ್ಕೆ ಆಯ್ಕೆಯಾಗಿದೆ, ಚಿತ್ರಕಥೆಗೆ ಮುಂಗಡ ಕಟ್ಟಿ ಎಂಬ ಮೇಲ್. ನೋಂದಣಿ ಶುಲ್ಕ ಕಟ್ಟಿದವರಿಗೆಲ್ಲ ಸಿಗುವ ಪ್ರಶಸ್ತಿ. ಗ್ರಂಥಾಲಯದ ಸಗಟು ಖರೀದಿಯಲ್ಲಿ ಹಾಕಿಸುತ್ತೇನೆ ಎಂದು ಮುಂಚೆಯೇ ಕಮಿಷನ್ ಕೇಳುವವರು. ಸಾರ್ವಜನಿಕ ಗ್ರಂಥಾಲಯ ಇಲಾಖೆ ಅರ್ಜಿ ಕರೆದಾಗ ನೀವೇ ಹಾಕಿ. ರಾಯಲ್ಟಿ ಕಳಿಸಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದರೆ ಮಾಡಲೇಬೇಡಿ, ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಚಾರಕ್ಕೆಂದು ಇಟ್ಟ ಹಣವನ್ನು ಫೇಸ್‌ಬುಕ್ ‘ಬೂಸ್ಟ್’ ಜಾಹೀರಾತಿಗೆ ಸುರಿಯುವ ಬದಲು ಪ್ರತಿಗಳನ್ನು ಓದುಗರ ಹತ್ತಿರ ತೆಗೆದುಕೊಂಡು ಹೋಗಲು ಬಳಸಿ. ಮೈಸೂರಿನ ಕಲಾಮಂದಿರದ ಕಿರುರಂಗಮಂದಿರದಲ್ಲಿ ಬಿಡುಗಡೆ ಇಟ್ಟುಕೊಂಡರೆ ಮಾರಾಟದ ಮೇಜನ್ನು ಬಾಗಿಲ ಬಳಿಯೇ ಹಾಕಿ, ಚಿಲ್ಲರೆ, ಯುಪಿಐ ಫಲಕ ಎರಡೂ ಇರಲಿ. ರಂಗಾಯಣದ ಬಹುರೂಪಿ ನಾಟಕೋತ್ಸವ, ದಸರಾ ದಿನಗಳಲ್ಲಿ ಮಳಿಗೆ ಹಾಕುವವರ ಜೊತೆ ಮೊದಲೇ ಮಾತಾಡಿಕೊಂಡು ಹತ್ತಿಪ್ಪತ್ತು ಪ್ರತಿ ಇಡಿಸಿ, ಚೀಟಿಯಲ್ಲಿ ಸಂಖ್ಯೆ, ಕಮಿಷನ್, ಹಣ ಕೊಡುವ ತಾರೀಖು ಬರೆಸಿ ಸಹಿ ಪಡೆಯಿರಿ. ಪತ್ರಿಕೆಗಳಿಗೆ ವಿಮರ್ಶೆಗೆಂದು ಎರಡು ಪ್ರತಿ ಕಳಿಸುವುದು ರೂಢಿ. ಅದಕ್ಕೆ ಯಾವ ದಲ್ಲಾಳಿಯೂ ಬೇಡ, ಒಳಗೆ ಬೆಲೆ, ಪುಟ, ಫೋನ್ ನಂಬರ್ ಇರುವ ಒಂದು ಪತ್ರ ಸಾಕು.