ಕತ್ತಿನ ಹಿಂದೆ ನಿಂತ ಸದ್ದು

ಭಯದ ರೇಡಿಯೋ ನಾಟಕವನ್ನು ಹೆಡ್‌ಫೋನಿನಲ್ಲಿ ಕೇಳುವಾಗ ನಾನು ಮೊದಲು ಗಮನಿಸುವುದು ಸದ್ದು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬರುತ್ತಿದೆ ಎಂಬುದನ್ನು. ಕಿರುಚಾಟ, ಗುಡುಗು, ಕಿರ್ರೆನ್ನುವ ಬಾಗಿಲು ಎಲ್ಲವೂ ನಮಗೆ ರೂಢಿಯಾಗಿಬಿಟ್ಟಿವೆ. ಆದರೆ ಎಡಗಿವಿಯ ಹಿಂದೆ, ಒಂದು ಗೇಣು ದೂರದಲ್ಲಿ, ಯಾರೋ ಉಸಿರೆಳೆದುಕೊಂಡರೆ, ಅದು ಧ್ವನಿಮುದ್ರಣವೆಂದು ಗೊತ್ತಿದ್ದೂ ಮೈ ಜುಮ್ಮೆನ್ನುತ್ತದೆ.

ಇದರ ಹಿಂದಿನ ವಿಜ್ಞಾನ ಸರಳವಾದದ್ದೇ. ಪಕ್ಕದಿಂದ ಬಂದ ಸದ್ದು ಒಂದು ಕಿವಿಗೆ ಮೊದಲು ತಲುಪಿ, ಇನ್ನೊಂದಕ್ಕೆ ಹೆಚ್ಚೆಂದರೆ 0.6ರಿಂದ 0.7 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ನಡುವೆ ತಲೆ ಅಡ್ಡ ಬರುವುದರಿಂದ ಅದರ ಕೀರಲು ಅಂಶ ಆ ಕಿವಿಗೆ ಮಂಕಾಗಿ ಕೇಳುತ್ತದೆ. ಇಷ್ಟರಿಂದಲೇ ಮೆದುಳು ಎಡ-ಬಲವನ್ನು ಲೆಕ್ಕ ಹಾಕುತ್ತದೆ. ಮೇಲೆ-ಕೆಳಗೆ, ಹಿಂದೆ-ಮುಂದೆ ಎಂಬುದನ್ನು ತಿಳಿಯಲು ಹೊರಗಿವಿಯ ಮಡಿಕೆಗಳು ನೆರವಾಗುತ್ತವೆ. ಮನುಷ್ಯನ ತಲೆಯ ಆಕಾರದ ಬೊಂಬೆಯೊಂದನ್ನು ಮಾಡಿ, ಅದರ ಎರಡು ಕಿವಿಗಳಲ್ಲಿ ಮೈಕ್ರೋಫೋನುಗಳನ್ನಿಟ್ಟು ಧ್ವನಿ ಹಿಡಿದರೆ, ಈ ಸುಳಿವುಗಳೆಲ್ಲ ಮುದ್ರಣದೊಳಗೇ ಉಳಿದುಕೊಳ್ಳುತ್ತವೆ. ಇದಕ್ಕೆ ಬೈನಾರಲ್ ಮುದ್ರಣ ಎನ್ನುತ್ತಾರೆ. ಮೈಕ್ರೋಫೋನು ತಯಾರಿಸುವ ಜರ್ಮನಿಯ ನಾಯ್ಮನ್ ಸಂಸ್ಥೆಯ ಬೊಂಬೆತಲೆ 1973ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಜನರ ಮುಂದೆ ಬಂತು, ಅದರಿಂದ ಮುದ್ರಿಸಿದ ರೇಡಿಯೋ ನಾಟಕವೊಂದನ್ನೂ ಅದೇ ವರ್ಷ ಅಲ್ಲಿ ಕೇಳಿಸಿದರು. ಅದಕ್ಕೂ ಬಹಳ ಮೊದಲೇ, 1924ರ ಜನವರಿಯಲ್ಲಿ, ಬಿಬಿಸಿ ದೀಪ ಆರಿದ ಕಲ್ಲಿದ್ದಲು ಗಣಿಯೊಳಗೆ ಸಿಕ್ಕಿಬಿದ್ದವರ ನಾಟಕವನ್ನು ಪ್ರಸಾರ ಮಾಡಿತ್ತು. ಸ್ಪೀಕರಿಲ್ಲದ ಸರಳ ಕ್ರಿಸ್ಟಲ್ ರೇಡಿಯೋದ ಆ ಕಾಲದಲ್ಲಿ ಬಹಳ ಮಂದಿ ಕೇಳುತ್ತಿದ್ದದ್ದು ಹೆಡ್‌ಫೋನಿನಲ್ಲಿಯೇ ಎಂಬುದನ್ನು ನೆನೆದರೆ, ಕತ್ತಲೆಗೂ ಕಿವಿಗೆ ಅಂಟಿದ ಧ್ವನಿಗೂ ಇರುವ ನಂಟು ರೇಡಿಯೋ ನಾಟಕದ ಹುಟ್ಟಿನಿಂದಲೇ ಬಂದದ್ದೆಂದು ನನಗೆ ತೋರುತ್ತದೆ.

ಬೊಂಬೆತಲೆಯ ಬೆಲೆ ನಮ್ಮಂಥವರ ಕೈಗೆಟುಕುವುದಿಲ್ಲ. ಪುಟ್ಟ ಮೈಕುಗಳೆರಡನ್ನು ಸ್ವಂತ ಕಿವಿಗಳ ಬಾಯಲ್ಲಿ ಸಿಕ್ಕಿಸಿಕೊಂಡು, ಅಲುಗಾಡದೆ ಕುಳಿತರೂ ಕೆಲಸ ನಡೆಯುತ್ತದೆ. ಸಕಲೇಶಪುರದ ಬಳಿಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಹಾಗೆಯೇ ಕುಳಿತು, ಅಣ್ಣನ ಮಗಳನ್ನು ಅಟ್ಟದ ಹಲಗೆಗಳ ಮೇಲೆ ಬರಿಗಾಲಲ್ಲಿ ನಡೆಸಿ, ಅಲ್ಲಿಂದ ಮರದ ಏಣಿಯಿಳಿದು ನನ್ನ ಹಿಂದೆ ಬಂದು ನಿಲ್ಲುವಂತೆ ಹೇಳಿ ಮುದ್ರಿಸಿಕೊಂಡೆ. ಹಲಗೆಯ ಸಂದಿನಿಂದ ಉದುರಿದ ಧೂಳಿನ ಸದ್ದು ಕೂಡ ಅದರಲ್ಲಿ ಸಿಕ್ಕಿತ್ತು. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಕೇಳಿಸಿದಾಗ, ಅಟ್ಟದ ಹೆಜ್ಜೆಗಳವರೆಗೂ ಸುಮ್ಮನಿದ್ದವರು, ಹೆಜ್ಜೆ ನಿಂತ ಕೂಡಲೇ ತಿರುಗಿ ನೋಡಿದರು. ಮತ್ತೆ ಇನ್ನೊಂದು ಕಡೆಗೆ ತಿರುಗಿದರು. "ಎತ್ಲಾಗೆ ತಿರುಗಿದ್ರೂ ಹಿಂದ್ಗಡೆನೇ ನಿಂತವ್ರಲ್ಲೋ!" ಎಂದು ಹೆಡ್‌ಫೋನನ್ನು ಕಿತ್ತು ಮಡಿಲಲ್ಲಿಟ್ಟುಕೊಂಡರು.

ಅತ್ತೆ ಹೇಳಿದ್ದೇ ಈ ಕಲೆಯ ತಿರುಳು. ನಿಜದ ಬದುಕಿನಲ್ಲಿ ಸದ್ದು ಹಿಂದಿನದೋ ಮುಂದಿನದೋ ಎಂಬ ಅನುಮಾನ ಬಂದರೆ ನಾವು ತಲೆಯನ್ನು ಕೊಂಚ ಹೊರಳಿಸುತ್ತೇವೆ, ಎರಡು ಕಿವಿಗಳಿಗೆ ಸದ್ದು ತಲುಪುವ ಹೊತ್ತಿನ ಅಂತರ ಬದಲಾಗಿ ಅನುಮಾನ ಬಗೆಹರಿಯುತ್ತದೆ. ಹೆಡ್‌ಫೋನಿನಲ್ಲಿ ಇಡೀ ಮನೆಯೇ ತಲೆಯ ಜೊತೆಗೆ ತಿರುಗುವುದರಿಂದ ಹಿಂದೆ ನಿಂತವನು ಹಿಂದೆಯೇ ಉಳಿಯುತ್ತಾನೆ. ಸಿನಿಮಾದಲ್ಲಿ ಕಣ್ಣು ಮುಚ್ಚಿಕೊಳ್ಳಬಹುದು, ಇಲ್ಲಿ ಮುಖ ತಿರುಗಿಸಿಯೂ ಪ್ರಯೋಜನವಿಲ್ಲ. ಬೇರೆಯವರ ಕಿವಿಯಿಂದ ಹಿಡಿದ ಸದ್ದು ನಮ್ಮ ಕಿವಿಗೆ ಪೂರಾ ಹೊಂದುವುದಿಲ್ಲವಾದ್ದರಿಂದ ಎದುರಿನ ಮಾತು ಕೂಡ ಹಲವರಿಗೆ ಹಿಂದಿನಿಂದ ಬಂದಂತೆ ಕೇಳುತ್ತದೆ. ಸಂಗೀತ ಮುದ್ರಿಸುವವರಿಗೆ ಇದು ದೋಷ, ಭಯದ ನಾಟಕಕ್ಕೆ ಮಾತ್ರ ಇದರಿಂದ ಲಾಭವೇ ಹೆಚ್ಚು.

ಇಷ್ಟೆಲ್ಲ ಸಾಧ್ಯವಿರುವಾಗ ಕನ್ನಡದ ಭಯದ ಕಥೆಗಳಲ್ಲಿ ಇನ್ನೂ ಎಲ್ಲಿಂದಲೋ ತಂದ ತೋಳದ ಊಳು, ಚರ್ಚಿನ ಗಂಟೆ ಕೇಳಿದಾಗ ನನಗೆ ಬೇಸರವಾಗುತ್ತದೆ. ಮಲೆನಾಡಿನ ಮನೆಗೆ ಅದರದೇ ಸದ್ದುಗಳಿವೆ: ಮಳೆ ನಿಂತ ಮೇಲೂ ಹೆಂಚಿನಂಚಿನಿಂದ ತೊಟ್ಟಿಕ್ಕುವ ನೀರು, ಕೊಟ್ಟಿಗೆಯಲ್ಲಿ ದನ ಕೊರಳು ಕೊಡವಿದಾಗಿನ ಗಂಟೆ, ಹಿತ್ತಿಲ ಬಾವಿಯ ರಾಟೆ. ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯ ಕೀಟಗಳಿವೆ. ಯಾರಾದರೂ ಹತ್ತಿರ ಬಂದರೆ ಅವು ಸುಮ್ಮನಾಗುತ್ತವೆ ಎಂಬುದು ತೋಟದಲ್ಲಿ ನಡೆದವರಿಗೆಲ್ಲ ಗೊತ್ತು. ನಾಟಕದಲ್ಲಿ ಸುತ್ತಲೂ ಕೀಟಗಳ ಸದ್ದು ತುಂಬಿದ್ದು, ಮೊದಲು ದೂರದ ಬಲಬದಿ, ಆಮೇಲೆ ಹತ್ತಿರದ ಬಲಬದಿ, ಆಮೇಲೆ ಬೆನ್ನ ಹಿಂದಿನ ಭಾಗ ಸುಮ್ಮನಾಗುತ್ತಾ ಬಂದರೆ, ಒಂದು ಹೆಜ್ಜೆಯ ಸದ್ದನ್ನೂ ಹಾಕದೆ ಯಾವುದೋ ಬರುತ್ತಿದೆಯೆಂದು ಕೇಳುಗನಿಗೆ ತಿಳಿಸಬಹುದು. ಇದನ್ನು ಯಾರಾದರೂ ಮಾಡಬೇಕೆಂದು ನಾನು ನಿಜಕ್ಕೂ ಹಂಬಲಿಸುತ್ತೇನೆ.

ಕೇಳುವವರಿಗೂ ಒಂದೆರಡು ಮಾತು ಹೇಳಬೇಕು. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ, ಅಥವಾ ಫೋನಿನ ಸೆಟ್ಟಿಂಗಿನಲ್ಲಿ ಎರಡೂ ಕಿವಿಗೆ ಒಂದೇ ಸದ್ದು ಕೊಡುವ ಮೋನೋ ಆಡಿಯೋ ಆನ್ ಆಗಿದ್ದರೆ, ಎಷ್ಟು ಶ್ರಮಪಟ್ಟು ಮಾಡಿದ ನಾಟಕವೂ ಚಪ್ಪಟೆಯಾಗುತ್ತದೆ. ಸ್ಪೀಕರಿನಲ್ಲಿ ಎಡಬದಿಯ ಸದ್ದು ಬಲಗಿವಿಗೂ ಬೀಳುವುದರಿಂದ ದಿಕ್ಕುಗಳೆಲ್ಲ ಕಲಸಿಹೋಗುತ್ತವೆ. ನಮ್ಮ ಕಡೆಯವರಿಗೆ ಮಾತ್ರ ಇನ್ನೊಂದು ಮಾತು: ಆಲೂರು, ಸಕಲೇಶಪುರದ ತೋಟದ ದಾರಿಗಳಲ್ಲಿ ಆನೆಗಳು ಓಡಾಡುತ್ತವೆ, ಎರಡೂ ಕಿವಿ ಮುಚ್ಚಿಕೊಂಡು ಸಂಜೆ ಹೊತ್ತು ಅಲ್ಲಿ ನಡೆಯಬೇಡಿ. ಮನೆಯೊಳಗೆ ಕುಳಿತೇ ಕೇಳಿ.

ಬರೆಯುವವರಿಗೆ ನನ್ನ ಕೋರಿಕೆ ಬೇರೆ. ಮುದ್ರಣದ ಹೊತ್ತಿಗೆ ಸದ್ದುಗಳನ್ನು ಎಡ-ಬಲಕ್ಕೆ ಹಂಚಿದರಾಯಿತು ಎಂದುಕೊಳ್ಳದೆ, ಹಸ್ತಪ್ರತಿಯಲ್ಲಿಯೇ ಪ್ರತಿ ಮಾತಿನ ಪಕ್ಕದಲ್ಲಿ ಆಡುವವರು ಕೇಳುಗನ ಯಾವ ಬದಿಯಲ್ಲಿ, ಎಷ್ಟು ಅಡಿ ದೂರದಲ್ಲಿ ನಿಂತಿದ್ದಾರೆಂದು ಬರೆದುಕೊಳ್ಳಬೇಕು, ಕೇಳುಗನು ಕಥೆಯೊಳಗೆ ಯಾರು, ಎಲ್ಲಿ ಕುಳಿತಿದ್ದಾನೆ ಎಂಬುದು ಮೊದಲ ಪುಟದಲ್ಲೇ ತೀರ್ಮಾನವಾಗಿರಬೇಕು. ಕಿವಿಗೆ ತೀರ ಹತ್ತಿರದ ಪಿಸುಮಾತನ್ನು ಇಡೀ ನಾಟಕದಲ್ಲಿ ಒಂದೇ ಕಡೆ, ಅದೂ ಕೇಳುಗನು ದೂರದ ಸದ್ದೊಂದಕ್ಕೆ ಕಿವಿಗೊಟ್ಟಿರುವಾಗ ಇಟ್ಟರೆ ಸಾಕು. ಎರಡನೆಯ ಸಲಕ್ಕೆ ಅದು ಬರೀ ಕಚಗುಳಿಯಾಗುತ್ತದೆ.