ಒಂದು ಕ್ವೆರಿ, ಮೂರು ಲೇಔಟ್: ಪುಸ್ತಕ ಪಟ್ಟಿಯ ಮೂರನೇ ವಾರ

ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಕಟ್ಟುತ್ತಿರುವ, ಮುಂಬಯಿಯ ಮುಲುಂಡಿನ ಕನ್ನಡ ಪುಸ್ತಕಗಳ ಪಟ್ಟಿ ಈಗ ಒಂದೇ ಕ್ವೆರಿಯಿಂದ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಟೇಬಲ್, ಕಾರ್ಡ್, ಲೇಖಕವಾರು ಹೀಗೆ ಮೂರು ರೂಪದಲ್ಲಿ ತೆರೆದುಕೊಳ್ಳುತ್ತಿದೆ. ಕೌಂಟರಿನಲ್ಲಿ ಕೂತು ಪುಸ್ತಕ ಕೊಡುವವರಿಗೆ ಟೇಬಲ್ ಬೇಕು. ಲೋಕಲ್‌ನಲ್ಲಿ ಕಂಬ ಹಿಡಿದು ನಿಂತವರಿಗೆ ಕಾರ್ಡ್.

ಯಾವ ಲೇಔಟ್ ಎಂಬುದು ಯುಆರ್‌ಎಲ್‌ನಲ್ಲಿ ಬರುತ್ತದೆ. ಅದನ್ನು ನೇರವಾಗಿ ಇನ್‌ಕ್ಲೂಡ್‌ಗೆ (ಇನ್ನೊಂದು ಫೈಲನ್ನು ಪುಟಕ್ಕೆ ಸೇರಿಸುವ ಆದೇಶ) ಕೊಟ್ಟರೆ ಸರ್ವರಿನ ಬೇರೆ ಫೈಲುಗಳಿಗೂ ಬಾಗಿಲು ತೆರೆದಂತೆ. ಮೂರು ಹೆಸರಿನ ಒಂದು ಅರೇ (ಪಟ್ಟಿ) ಇಟ್ಟು, ಪ್ರತಿ ಹೆಸರಿಗೂ ಟೆಂಪ್ಲೇಟ್ ಫೈಲು ಮತ್ತು ಆರ್ಡರ್ ಬೈ (ವಿಂಗಡಣೆಯ ಕ್ರಮ) ಎರಡನ್ನೂ ಅಲ್ಲೇ ಬರೆದಿದ್ದೇವೆ. ಕಾಲಂ ಹೆಸರನ್ನು ಬೈಂಡ್ ಮಾಡಲು (ಕ್ವೆರಿಗೆ ಬೇರೆಯಾಗಿ, ಸುರಕ್ಷಿತವಾಗಿ ಕಳಿಸಲು) ಬರುವುದಿಲ್ಲ, ಹಾಗಾಗಿ ಈ ಅರೇಯೇ ಕಾವಲು. ಲೇಖಕವಾರು ರೂಪದಲ್ಲಿ ವಿಂಗಡಣೆ ಲೇಖಕರಿಂದಲೇ ಶುರುವಾಗಬೇಕು, ಇಲ್ಲದಿದ್ದರೆ ಒಂದೇ ಹೆಸರು ನಾಲ್ಕು ಕಡೆ ತಲೆಬರಹವಾಗುತ್ತದೆ. ವಿಂಗಡಣೆಯ ಕೊನೆಗೆ ಐಡಿಯನ್ನೂ (ಪ್ರತಿ ದಾಖಲೆಗೆ ಇರುವ ಪ್ರತ್ಯೇಕ ಸಂಖ್ಯೆ) ಸೇರಿಸಿ. ಶೀರ್ಷಿಕೆ ಒಂದೇ ಇರುವ ಪ್ರತಿಗಳು ಎರಡು ಪುಟಗಳಲ್ಲಿ ಮತ್ತೆ ಕಾಣುವುದು ಆಗ ನಿಲ್ಲುತ್ತದೆ.

ಪುಟಕ್ಕೆ 24 ದಾಖಲೆ. 2, 3, 4 ಕಾಲಂಗಳಲ್ಲಿ ಯಾವುದಕ್ಕೂ ಸಮನಾಗಿ ಹಂಚಿಹೋಗುತ್ತದೆ. ಲಿಮಿಟ್‌ನ (ಎಷ್ಟು ಸಾಲು ಬೇಕು ಎಂಬುದರ) ಮೌಲ್ಯವನ್ನು ಕ್ವೆರಿ ಓಡಿಸುವ ಎಕ್ಸಿಕ್ಯೂಟ್‌ನ ಅರೇಯಲ್ಲಿ ಕಳಿಸಿದರೆ ಪಿಡಿಒ (ಪಿಎಚ್‌ಪಿಯಿಂದ ಡೇಟಾಬೇಸಿಗೆ ಇರುವ ಸೇತುವೆ) ಅದಕ್ಕೆ ಉದ್ಧರಣ ಚಿಹ್ನೆ ಹಾಕುತ್ತದೆ, ಮೈಎಸ್‌ಕ್ಯೂಎಲ್ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ. ಬೈಂಡ್‌ವ್ಯಾಲ್ಯೂ ಜೊತೆ ಪ್ಯಾರಾಮ್ ಇಂಟ್ (ಇದು ಪೂರ್ಣಾಂಕ ಎಂಬ ಸೂಚನೆ) ಕೊಟ್ಟ ಮೇಲೆ ಸರಿಹೋಯಿತು.

ಈ ವಾರದ ಹೆಚ್ಚಿನ ಸಮಯ ತಿಂದದ್ದು ಮಾತ್ರ ಉದ್ದ ಶೀರ್ಷಿಕೆಗಳು. ಕಾರ್ಡಿಗಾಗಿ ಸಬ್‌ಸ್ಟ್ರಿಂಗ್ ಫಂಕ್ಷನ್ನಿನಲ್ಲಿ 40ಕ್ಕೆ ಕತ್ತರಿಸಿದರೆ ಕೆಲವು ಕಾರ್ಡುಗಳಲ್ಲಿ ಶೀರ್ಷಿಕೆಯೇ ಮಾಯ. ಆ ಫಂಕ್ಷನ್ ಎಣಿಸುವುದು ಬೈಟುಗಳನ್ನು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ಅಕ್ಷರ ಅಥವಾ ಅದಕ್ಕೆ ಸೇರುವ ಚಿಹ್ನೆ) 3 ಬೈಟ್. 13 ಸಂಕೇತಗಳಿಗೆ 39 ಆಯಿತು, ಉಳಿದ 1 ಬೈಟ್ ಅರ್ಧ ಅಕ್ಷರ. ಪಿಎಚ್‌ಪಿ 8.1ಕ್ಕಿಂತ ಹಿಂದಿನ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ಪಠ್ಯವನ್ನು ಪುಟದಲ್ಲಿ ಸುರಕ್ಷಿತವಾಗಿ ತೋರಿಸುವ ಫಂಕ್ಷನ್) ಅಂಥದ್ದನ್ನು ಕಂಡರೆ ಸುಮ್ಮನೆ ಖಾಲಿ ಸ್ಟ್ರಿಂಗ್ ಕೊಡುತ್ತದೆ, ಎರರ್ ಕೂಡ ಇಲ್ಲ. 8.1ರಲ್ಲಿ ಪ್ರಶ್ನಾರ್ಥಕದ ಚೌಕವಾದರೂ ಕಾಣುತ್ತದೆ.

ಬೈಟಿನ ಬದಲು ಸಂಕೇತಗಳನ್ನು ಎಣಿಸುವ ಮಲ್ಟಿಬೈಟ್ ಸಬ್‌ಸ್ಟ್ರಿಂಗ್‌ನದೂ ಅರ್ಧ ಪರಿಹಾರವೇ. ‘ಪುಸ್ತಕ’ ಎಂಬಲ್ಲಿ 6 ಸಂಕೇತಗಳು: ಪ, ಉಕಾರ, ಸ, ವಿರಾಮ (ಒತ್ತು ಕೂಡಿಸುವ ಅರ್ಧಾಕ್ಷರ ಚಿಹ್ನೆ), ತ, ಕ. 4ಕ್ಕೆ ತುಂಡರಿಸಿದರೆ ‘ಪುಸ್’ ಎಂದು ಒತ್ತು ಕಳಚಿಕೊಂಡು ನಿಲ್ಲುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಬೇಕಾದ ಗ್ರಾಫೀಮ್ ಫಂಕ್ಷನ್ ಕೂಡ ನಮ್ಮ ಸರ್ವರಿನಲ್ಲಿ ಇದೇ ಜಾಗಕ್ಕೆ ಕತ್ತರಿ ಹಾಕಿತು.

ಕೊನೆಗೆ ಪಿಎಚ್‌ಪಿಯಿಂದ ಪೂರ್ತಿ ಶೀರ್ಷಿಕೆ ಕಳಿಸಿ, ಕತ್ತರಿಸುವ ಕೆಲಸ ಸಿಎಸ್‌ಎಸ್‌ಗೆ ಬಿಟ್ಟೆವು: ಲೈನ್-ಕ್ಲ್ಯಾಂಪ್ 2 (ಎರಡೇ ಸಾಲು), ಓವರ್‌ಫ್ಲೋ ಹಿಡನ್ (ಮಿಕ್ಕದ್ದು ಮರೆ). ಮೊದಲೇ ಹೀಗೆ ಮಾಡಬೇಕಿತ್ತು. ಲೈನ್-ಹೈಟ್ 1.2 ಇದ್ದಾಗ ಎರಡನೇ ಸಾಲಿನ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತಿತ್ತು, 1.6ಕ್ಕೆ ಏರಿಸಿದೆವು. ಇಂಗ್ಲಿಷ್ ಥೀಮುಗಳ ಅಳತೆ ಕನ್ನಡಕ್ಕೆ ಯಾವಾಗಲೂ ಬಿಗಿ.

ಇನ್ನೊಂದು: ಪುಟದ ಮೇಲೆ ಕಾರ್ಡ್, ಕೆಳಗೆ ಟೇಬಲ್ ಹಾಕಿ ನೋಡಿದಾಗ ಟೇಬಲ್ ಖಾಲಿ ಬಂತು. ಸ್ಟೇಟ್‌ಮೆಂಟಿನ (ಕ್ವೆರಿಯ ಫಲಿತಾಂಶ ಹಿಡಿದಿರುವ ವಸ್ತು) ಮೇಲೆ ಒಮ್ಮೆ ಫಾರ್‌ಈಚ್ (ಒಂದೊಂದೇ ಸಾಲು ಓದುವ ಲೂಪ್) ಓಡಿದರೆ ಸಾಲುಗಳು ಮುಗಿದವು. ಮೊದಲೇ ಫೆಚ್‌ಆಲ್ ಮಾಡಿ (ಎಲ್ಲ ಸಾಲುಗಳನ್ನೂ ಒಟ್ಟಿಗೆ ತೆಗೆದುಕೊಂಡು) ಆ ಅರೇಯನ್ನು ಎರಡಕ್ಕೂ ಕೊಡಬೇಕು. 24 ಸಾಲಿಗೆ ಮೆಮೊರಿಯ ಚಿಂತೆಯಿಲ್ಲ.

ಬಾಕಿ: ಲೇಖಕರೊಬ್ಬರ ಪುಸ್ತಕಗಳು ಮುಂದಿನ ಪುಟಕ್ಕೂ ಹರಿದರೆ ಅಲ್ಲಿ ತಲೆಬರಹದ ಪಕ್ಕ ‘ಮುಂದುವರಿದಿದೆ’ ಎಂದು ತೋರಿಸುವುದು.