ರಜೆಯ ಸಿಪಾಯಿಗೆ ಸ್ಟೇಷನ್ ಎದುರಿನಲ್ಲೇ ಒಂದು ಹಾಸಿಗೆ

ರಜೆ ಮಂಜೂರಾದ ಸಿಪಾಯಿಗೆ ಊರು ತಲುಪುವ ಮುಂಚೆ ಒಂದು ರಾತ್ರಿ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಆಲ್ಡರ್‌ಶಾಟ್ ದಂಡಿನವನಾಗಲಿ, ಪೋರ್ಟ್ಸ್‌ಮತ್ ಹಡಗಿನವನಾಗಲಿ ರೈಲಿನಲ್ಲಿ ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿಗೆ ಬಂದಿಳಿಯುತ್ತಿದ್ದ. ಉತ್ತರದ ಊರುಗಳಿಗೆ ಹೋಗುವ ರೈಲು ಸಿಗುವುದು ಥೇಮ್ಸ್ ನದಿಯಾಚೆಯ ಯೂಸ್ಟನ್, ಕಿಂಗ್ಸ್ ಕ್ರಾಸ್ ಸ್ಟೇಷನ್ನುಗಳಲ್ಲಿ. ಹೊತ್ತು ಮೀರಿದರೆ ಬೆಳಗಿನವರೆಗೆ ಕಾಯಬೇಕು. ಜೇಬಿನಲ್ಲಿ ತಿಂಗಳುಗಟ್ಟಲೆ ಕೂಡಿಟ್ಟ ಸಂಬಳ, ಮೈಮೇಲೆ ದೂರದಿಂದಲೇ ಗುರುತು ಹತ್ತುವ ಸಮವಸ್ತ್ರ. ಅವನನ್ನು ಸುಲಿಯುವುದಕ್ಕೆ ಇಷ್ಟು ಸಾಕಿತ್ತು.

ಈ ಸುಲಿಗೆಯ ರುಚಿ ಮೊದಲು ಕಂಡವರು ವ್ಯಾಪಾರಿ ಹಡಗುಗಳ ನಾವಿಕರು. ಬಂದರಿನ ಖಾನಾವಳಿಯವನು ಸಾಲ ಕೊಟ್ಟು ಇಳಿಸಿಕೊಳ್ಳುತ್ತಿದ್ದ, ಕುಡಿಸುತ್ತಿದ್ದ, ಲೆಕ್ಕ ಊದಿಸುತ್ತಿದ್ದ, ಕೊನೆಗೆ ಆ ಸಾಲಕ್ಕೆ ಅವನನ್ನು ಮತ್ತೊಂದು ಹಡಗಿಗೆ ಹತ್ತಿಸಿ ಮುಂಗಡವನ್ನೂ ತಾನೇ ಕಿತ್ತುಕೊಳ್ಳುತ್ತಿದ್ದ. ಇದನ್ನು ತಡೆಯಲೆಂದೇ 1835ರಲ್ಲಿ ಲಂಡನ್ ಡಾಕ್‌ಗಳ ಬಳಿ, ವೆಲ್ ಸ್ಟ್ರೀಟಿನಲ್ಲಿ, ನಾವಿಕರ ವಸತಿಗೃಹ ತೆರೆಯಿತು. 1828ರಲ್ಲಿ ಕುಸಿದುಬಿದ್ದ ಬ್ರನ್ಸ್‌ವಿಕ್ ನಾಟಕಶಾಲೆಯ ಜಾಗ ಅದು. ಬರೀ ಹಾಸಿಗೆ ಕೊಟ್ಟರೆ ಕೆಲಸ ಅರ್ಧವಾದಂತೆ. ದುಡ್ಡನ್ನು ಜೋಪಾನವಾಗಿ ಇಟ್ಟುಕೊಂಡು, ಕೇಳಿದಾಗ ಕೇಳಿದಷ್ಟು ಕೊಡುವವರು ಇಲ್ಲದಿದ್ದರೆ ಅವನು ಮರುದಿನ ಬೀದಿಯಲ್ಲೇ ಬರಿಗೈ ಆಗುತ್ತಾನೆ.

ನೌಕಾಪಡೆಯವರಿಗಾಗಿ ಆಗ್ನೆಸ್ ವೆಸ್ಟನ್ 1876ರಲ್ಲಿ ಡೆವನ್‌ಪೋರ್ಟಿನಲ್ಲಿ, 1881ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ವಿಶ್ರಾಂತಿಗೃಹ ತೆರೆದರು. ಎರಡೂ ಕಡೆ ಹೆಂಡಕ್ಕೆ ಪ್ರವೇಶವಿಲ್ಲ. ಜಾಗದ ಆಯ್ಕೆಯಲ್ಲಿ ಆಕೆಯ ಜಾಣತನ ಕಾಣುತ್ತದೆ. ಡೆವನ್‌ಪೋರ್ಟಿನ ಮನೆ ಇದ್ದದ್ದು ಹಡಗುಕಟ್ಟೆಯ ಗೇಟಿನ ಹತ್ತಿರ. ಹಡಗಿನಿಂದ ಇಳಿದವನ ಕಣ್ಣಿಗೆ ಹೆಂಡದಂಗಡಿಯಷ್ಟೇ ಬೇಗ ಇದೂ ಬೀಳಬೇಕು. ಇನ್ನೂರು ಮಾರು ಆಚೆ ಇದ್ದಿದ್ದರೆ ಅರ್ಧ ಜನ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ.

ಭೂಸೇನೆ, ನೌಕಾಪಡೆ ಎರಡಕ್ಕೂ ಸೇರಿ ಲಂಡನ್ನಿನೊಳಗೇ ಸೂರು ಆದದ್ದು ಯೂನಿಯನ್ ಜ್ಯಾಕ್ ಕ್ಲಬ್ಬಿನಿಂದ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿ ಬಂದ ನರ್ಸ್ ಎಥೆಲ್ ಮೆಕಾಲ್ ಇದರ ಹಿಂದಿದ್ದವರು. ಅಧಿಕಾರಿಗಳಿಗೆ ಪಾಲ್‌ಮಾಲ್ ಬೀದಿಯಲ್ಲಿ ಕ್ಲಬ್ಬುಗಳಿವೆ, ಅವರ ಕೈಕೆಳಗೆ ಗುಂಡಿಗೆ ಎದೆಯೊಡ್ಡುವವನಿಗೆ ಏನಿದೆ ಎಂಬುದು ಆಕೆಯ ವಾದ. ನನಗೆ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸುವುದು ಆಕೆ 'ಆಶ್ರಮ' ಕೇಳದೆ 'ಕ್ಲಬ್' ಕೇಳಿದ್ದು. ಬಂದವನು ಸದಸ್ಯ, ದುಡ್ಡು ಕೊಟ್ಟು ಇಳಿಯುವವನು, ಯಾರ ಹಂಗಿನಲ್ಲೂ ಇಲ್ಲ. ದಾನಿಗಳ ಹಣ ಕಟ್ಟಡಕ್ಕೆ ಹೋಯಿತು. ದಿನದ ಖರ್ಚಿಗೆ ಅವನು ಕೊಡುವ ಕಡಿಮೆ ಬಾಡಿಗೆ. ವಾಟರ್‌ಲೂ ಸ್ಟೇಷನ್ ಎದುರಿಗೇ ಎದ್ದ ಈ ಕ್ಲಬ್ಬನ್ನು 1907ರ ಜುಲೈ 1ರಂದು ದೊರೆ ಏಳನೆಯ ಎಡ್ವರ್ಡ್ ತೆರೆದ. ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ ಶುರುವಾದದ್ದೂ ಅದೇ ದಶಕದಲ್ಲಿ, 1903ರಲ್ಲಿ. ಛತ್ರ ಸಿಪಾಯಿಗಳಿಗೆಂದು ಕಟ್ಟಿದ್ದಲ್ಲ, ಆದರೂ ಪರಊರಿನವನಿಗೆ ಎಲ್ಲಿ ಸೂರು ಬೇಕು ಎಂಬ ಲೆಕ್ಕ ಇಬ್ಬರದೂ ಒಂದೇ.

ಆ ಕಾಲದ ಅಗ್ಗದ ವಸತಿಗಳಲ್ಲಿ ಕೋಣೆ ಎಂದರೆ ಹಲವು ಕಡೆ ಮರದ ಹಲಗೆಯ ಗೂಡು. ಒಂದು ಮಂಚ, ಬಟ್ಟೆಗೆ ಗೂಟ, ಚಿಲಕವಿರುವ ಬಾಗಿಲು. ಹಲಗೆಯನ್ನು ಸೂರಿಗೆ ಮುಟ್ಟಿಸದೆ ನಡುವೆಯೇ ನಿಲ್ಲಿಸುತ್ತಿದ್ದರು. ಗಾಳಿ ಆಡಬೇಕು, ಸಾಲಿಗೆಲ್ಲ ಒಂದೇ ದೀಪದ ಬೆಳಕು ಸಾಲಬೇಕು, ಒಂದು ದೊಡ್ಡ ಹಜಾರದಲ್ಲಿ ಹತ್ತಾರು ಜನ ಹಿಡಿಸಬೇಕು. ತೊಂದರೆಗಳೂ ಅಲ್ಲಿಂದಲೇ. ಪಕ್ಕದವನ ಗೊರಕೆ, ಕೆಮ್ಮು ಎಲ್ಲರದೂ ಆಗುತ್ತಿತ್ತು. ಮೇಲಿನಿಂದ ಕೈಚಾಚಿ ಕದಿಯುತ್ತಿದ್ದರಿಂದ ಎಷ್ಟೋ ಕಡೆ ಮೇಲ್ಗಡೆ ತಂತಿ ಬಲೆ ಬಿಗಿದರು. ಹಲಗೆಯ ಸಂದಿನಲ್ಲಿ ತಿಗಣೆ ಸೇರಿದರೆ ಹಾಸಿಗೆ ಒಂದನ್ನೇ ಬಿಸಿಲಿಗೆ ಹಾಕಿ ಪ್ರಯೋಜನವಿಲ್ಲ. ಹಲಗೆ ಬಿಚ್ಚಿ ಸಂದು ಸಂದಿಗೂ ಮದ್ದು ಹಾಕಬೇಕು. ಕಬ್ಬಿಣದ ಮಂಚಕ್ಕೆ ಜನ ಒಲಿದದ್ದರಲ್ಲಿ ತಿಗಣೆಯ ಪಾಲು ದೊಡ್ಡದು.

ಒಂದನೆಯ ಮಹಾಯುದ್ಧ ಬಂದಾಗ ಲೆಕ್ಕವೆಲ್ಲ ತಲೆಕೆಳಗಾಯಿತು. ಫ್ರಾನ್ಸಿನ ರಣರಂಗದಿಂದ ರಜೆಯವರನ್ನು ತಂದ ರೈಲು ಬರುತ್ತಿದ್ದದ್ದು ವಿಕ್ಟೋರಿಯಾ ಸ್ಟೇಷನ್ನಿಗೆ. ಕೆಸರು ಮೆತ್ತಿದ ಬೂಟು, ಬಂದೂಕು ಸಮೇತ ಇಳಿದವರಿಗೆ ಊರಿನ ದಾರಿಯೇ ಗೊತ್ತಿಲ್ಲ. ಕ್ರೈಸ್ತ ಯುವಕರ ಸಂಘವಾದ ವೈಎಂಸಿಎ ನಗರದ ತುಂಬ 'ಹಟ್' ಎಂಬ ತಾತ್ಕಾಲಿಕ ತಂಗುಮನೆಗಳನ್ನು ಹಾಕಿತು. ಬ್ಲೂಮ್ಸ್‌ಬರಿಯಲ್ಲಿ ರಾಷ್ಟ್ರೀಯ ರಂಗಮಂದಿರಕ್ಕೆಂದು ಕೊಂಡಿದ್ದ ಖಾಲಿ ನಿವೇಶನದಲ್ಲೇ 1916ರಲ್ಲಿ ಶೇಕ್ಸ್‌ಪಿಯರ್ ಹಟ್ ಎದ್ದಿತು. ಅಲ್ಲಿ ಹೆಚ್ಚಾಗಿ ಇಳಿದವರು ನ್ಯೂಜಿಲೆಂಡಿನವರು. ರಜೆ ಸಿಕ್ಕರೂ ಮನೆಗೆ ಹೋಗಿಬರಲಾಗದಷ್ಟು ದೂರದವರು.

ಅಮೆರಿಕದಲ್ಲಿ ಇದೇ ಕೊರತೆಗೆ ನ್ಯೂಯಾರ್ಕಿನ ಸೋಲ್ಜರ್ಸ್ ಅಂಡ್ ಸೇಲರ್ಸ್ ಕ್ಲಬ್ 1919ರಲ್ಲಿ ಹುಟ್ಟಿತು. ಅದು ಆಮೇಲೆ ನೆಲೆನಿಂತ ಲೆಕ್ಸಿಂಗ್ಟನ್ ಅವೆನ್ಯೂ ಮನೆಗಳಿಂದ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ನಡಿಗೆಯ ದೂರ. ಇತ್ತ ವಾಟರ್‌ಲೂ ಎದುರಿನ ಹಳೆಯ ಕಟ್ಟಡ ಕೆಡವಿ, ಗೋಪುರದಂಥ ಹೊಸ ಕಟ್ಟಡವನ್ನು 1976ರಲ್ಲಿ ರಾಣಿ ಎರಡನೆಯ ಎಲಿಜಬೆತ್ ತೆರೆದರು. ಬ್ರಿಟನ್ನಿನ ಅತಿದೊಡ್ಡ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರ ಹೆಸರಿನ ಫಲಕಗಳು ಅಲ್ಲಿವೆ.

ನಮ್ಮಲ್ಲಿ ಜಿಲ್ಲಾ ಕೇಂದ್ರಗಳ ಸೈನಿಕ ವಿಶ್ರಾಂತಿ ಗೃಹಗಳು ಇದರ ದೂರದ ಬಂಧುಗಳು. ಪಿಂಚಣಿ, ಕ್ಯಾಂಟೀನು, ಆಸ್ಪತ್ರೆಯ ಕೆಲಸಕ್ಕೆ ಹಳ್ಳಿಯಿಂದ ಬರುವ ಮಾಜಿ ಸೈನಿಕರು, ಸೈನಿಕರ ವಿಧವೆಯರು ಇಲ್ಲಿ ಇಳಿಯುತ್ತಾರೆ. ಹೊರಡುವ ಮುಂಚೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ, ಕಚೇರಿ ವೇಳೆಯಲ್ಲೇ, ಫೋನ್ ಮಾಡಿ ಕೋಣೆ ಹೇಳಿಡಿ. ಭಾನುವಾರ ರಾತ್ರಿಯ ಬಸ್ಸಿಗೆ ಬಂದು ಬಾಗಿಲು ತಟ್ಟಿದರೆ ಬೀಗದ ಕೈ ಯಾರ ಹತ್ತಿರ ಎಂದು ಹುಡುಕುವ ಪಾಡು. ಮಾಜಿ ಸೈನಿಕರ ಗುರುತಿನ ಚೀಟಿ, ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ ಜತೆಗಿರಲಿ. ಗಂಡನಿಲ್ಲದ ತಾಯಂದಿರು ತಮ್ಮ ಹೆಸರಿನ ಗುರುತಿನ ಚೀಟಿಯನ್ನೂ ಕುಟುಂಬ ಪಿಂಚಣಿಯ ಪಾವತಿ ಆದೇಶದ (ಪಿಪಿಒ) ನಕಲನ್ನೂ ತರಬೇಕು, ಏಕೆಂದರೆ ಗಂಡನ ಚೀಟಿ ಒಂದನ್ನೇ ಹಿಡಿದು ಬಂದರೆ ರಿಜಿಸ್ಟರಿನಲ್ಲಿ ಯಾರ ಹೆಸರು ಬರೆಯಬೇಕೆಂಬಲ್ಲಿಗೇ ಕೆಲಸ ನಿಲ್ಲುತ್ತದೆ.